ಭಾನುವಾರ ಮಾತ್ರ ತೆಗೆಯುವ ಕಾರು, ಭಾನುವಾರವೇ ಕೈಕೊಡುತ್ತಿದೆ. ಏನು ಮಾಡೋದು?

ತೋಟದಮನೆ (ಶಿರಸಿ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಓದಿ ಮಾರಾಯ್ರೆ.

ನಮ್ಮದು ಒಂಬತ್ತು ವರ್ಷದ ಸಣ್ಣ ಪೆಟ್ರೋಲ್ ಕಾರು. ಮ್ಯಾನುಯಲ್ ಗೇರು. ಇಷ್ಟು ವರ್ಷದಲ್ಲಿ ಓಡಿದ್ದು 58,000 ಕಿಲೋಮೀಟರ್ ಅಷ್ಟೆ. ವಾರವಿಡೀ ನನ್ನ ಓಡಾಟವೆಲ್ಲ ಬೈಕಿನಲ್ಲಿ. ಕಾರು ಅಂಗಳದಾಚೆ ಹಲಸಿನ ಮರದ ಕೆಳಗೆ ನಿಂತಿರುತ್ತದೆ. ಭಾನುವಾರ ಬಂತೆಂದರೆ ಅಪ್ಪ, ಅಮ್ಮ, ನಮ್ಮನೆಯವಳು, ಮಗಳು, ಒಂದು ಬುಟ್ಟಿ ತಿಂಡಿ, ಎಲ್ಲ ತುಂಬಿಕೊಂಡು ಹೊರಡುವುದು. ಒಂದು ವಾರ ಗೋಕರ್ಣ, ಒಂದು ವಾರ ಬನವಾಸಿ. ಅಪ್ಪನಿಗೆ ಎರಡು ತಿಂಗಳಿಗೊಮ್ಮೆ ಇಡಗುಂಜಿ ಆಗಲೇಬೇಕು.

ತೊಂದರೆ ಒಂದು. ಮಳೆಗಾಲದ ಒಂದು ಭಾನುವಾರ ಬೆಳಿಗ್ಗೆ ಅಮ್ಮ ಸೀರೆ ಉಟ್ಟು ಹಿಂದಿನ ಸೀಟಿನಲ್ಲಿ ಕೂತಾಗಿದೆ, ಕೀಲಿ ತಿರುಗಿಸಿದರೆ ಟಕ್ ಟಕ್ ಟಕ್. ಸೆಲ್ಫ್ ತಿರುಗಲೇ ಇಲ್ಲ. ಪಕ್ಕದ ಮನೆ ಹುಡುಗರು ಕೆಸರಲ್ಲಿ ತಳ್ಳಿ ಸ್ಟಾರ್ಟ್ ಮಾಡಿಕೊಟ್ಟರು. ಮರುದಿನವೇ ಹೊಸ ಬ್ಯಾಟರಿ ಹಾಕಿಸಿದೆ. ಒಂದು ತಿಂಗಳು ಸರಿ ಇತ್ತು. ಆಮೇಲೆ ಮತ್ತೆ ಒಂದು ಭಾನುವಾರ ಅದೇ ಟಕ್ ಟಕ್! ಬ್ಯಾಟರಿ ಅಂಗಡಿಯವನು ಚೆಕ್ ಮಾಡಿ "ಬ್ಯಾಟರಿ ಸರಿ ಇದೆ" ಅಂದ. ಗ್ಯಾರೇಜಿನವನು "ಹಳೆ ಗಾಡಿ, ಮಾರಿಬಿಡಿ" ಅಂದ.

ತೊಂದರೆ ಎರಡು, ಇದು ನಿದ್ದೆ ಕೆಡಿಸಿದ್ದು. ಮೊನ್ನೆ ಭಾನುವಾರ ದೇವಿಮನೆ ಘಟ್ಟ ಇಳಿಯುತ್ತಿದ್ದೆ. ಅರ್ಧಕ್ಕಿಂತ ಜಾಸ್ತಿ ಇಳಿದಾಗಿತ್ತು. ಬ್ರೇಕ್ ಒತ್ತಿದರೆ ಪೆಡಲ್ ಬೆಣ್ಣೆ ಮೆಟ್ಟಿದ ಹಾಗೆ ಒಳಗೆ ಹೋಯಿತು. ಎರಡು ಮೂರು ಸಲ ಪಂಪ್ ಮಾಡಿ, ಗೇರ್ ಇಳಿಸಿ, ಹ್ಯಾಂಡ್ ಬ್ರೇಕ್ ಎಳೆದು ಬದಿಗೆ ನಿಲ್ಲಿಸಿದೆ. ಮನೆಯವರಿಗೆ ಏನೂ ಹೇಳಲಿಲ್ಲ. ಒಂದಕ್ಕೆ ಹೋಗಬೇಕು ಅಂತ ಇಳಿದೆ. ಅರ್ಧ ಗಂಟೆ ಅಲ್ಲೇ ಮಂಗ ತೋರಿಸುತ್ತ ಕಳೆದು ಹೊರಟರೆ ಬ್ರೇಕ್ ಪೂರ್ತಿ ಸರಿ! ಕತಗಾಲದವರೆಗೆ ಒಂದನೇ ಗೇರು, ಎರಡನೇ ಗೇರಿನಲ್ಲೇ ಬಂದೆ. ಗ್ಯಾರೇಜಿನಲ್ಲಿ ತೋರಿಸಿದರೆ "ಎಂತದೂ ಇಲ್ಲ" ಅಂತಾರೆ. ಆದರೆ ನಮ್ಮನೆಯವಳಿಗೆ ಗೊತ್ತಾಗಿದೆ. ಇನ್ನು ಮೇಲೆ ಬಾಡಿಗೆ ಕಾರು ಅಂತ ಹಟ.

ಈ ವರ್ಷ ಕೊಳೆರೋಗಕ್ಕೆ ಅಡಿಕೆ ಅರ್ಧ ಉದುರಿದೆ, ಹೊಸ ಕಾರಿನ ಮಾತೇ ಬೇಡ. ಇದೇ ಗಾಡಿಯಲ್ಲಿ ಹೆದರಿಕೆ ಇಲ್ಲದೆ ಹೋಗಿಬರಬೇಕು. ಎಲ್ಲಿಂದ ಶುರು ಮಾಡಲಿ?

ಪಾನಾ ಹಿಡಿದವ (ಕುಮಟಾ)

ಮೊದಲು ಬ್ರೇಕು. ಉಳಿದದ್ದೆಲ್ಲ ಆಮೇಲೆ. ಬ್ಯಾಟರಿ ಹೋದರೆ ಮನೆಯಲ್ಲೇ ಇರುತ್ತೀರಿ, ಬ್ರೇಕ್ ಹೋದರೆ ಹಾಗಲ್ಲ.

ನೀವು ಹೇಳಿದ ಒಂದು ಮಾತಿನಲ್ಲೇ ಉತ್ತರ ಇದೆ. ಬಿಸಿಯಾದಾಗ ಹೋಯಿತು, ತಣ್ಣಗಾದ ಮೇಲೆ ಬಂತು. ಅದು ಬ್ರೇಕ್ ಆಯಿಲ್ ಕುದ್ದದ್ದು. ಆಯಿಲ್ ಅಂತ ನಾವು ಕರೆಯುತ್ತೇವೆ, ಆದರೆ ಅದು ಎಣ್ಣೆಯಲ್ಲ, ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುವ ದ್ರವ. ಮಳೆಗಾಲದಲ್ಲಿ ಉಪ್ಪಿನ ಭರಣಿಯ ಬಾಯಿ ತೆರೆದಿಟ್ಟರೆ ಏನಾಗುತ್ತದೆ, ಹಾಗೆ. ಹೊಸ ಡಾಟ್ 4 ದರ್ಜೆಯ ಆಯಿಲ್ ಕುದಿಯಬೇಕಾದರೆ ಕಡಿಮೆ ಅಂದರೂ 230 ಡಿಗ್ರಿ ಬೇಕು. ಅದಕ್ಕೆ ಮೂರು ನಾಲ್ಕು ಪರ್ಸೆಂಟ್ ನೀರು ಸೇರಿದರೆ 155ರ ಸುತ್ತಮುತ್ತ ಕುದಿಯುತ್ತದೆ. ಡಾಟ್ 3 ಆದರೆ 205 ಇದ್ದದ್ದು 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಚಕ್ರದ ಬಳಿ ಬ್ರೇಕ್ ಹಿಡಿಯುವ ಕ್ಯಾಲಿಪರ್ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಕುದ್ದರೆ ಒಳಗೆ ಆವಿಯ ಗುಳ್ಳೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಗುಳ್ಳೆಯನ್ನು ಆಗುತ್ತದೆ. ನೀವು ಒತ್ತಿದ್ದೆಲ್ಲ ಗುಳ್ಳೆ ಕುಗ್ಗಿಸಲಿಕ್ಕೇ ಹೋಯಿತು, ಚಕ್ರ ಹಿಡಿಯಲಿಲ್ಲ. ತಣ್ಣಗಾದರೆ ಗುಳ್ಳೆ ಮಾಯ. ಗ್ಯಾರೇಜಿನವನು ಊರೊಳಗೆ ಎರಡು ಸುತ್ತು ಓಡಿಸಿ ನೋಡಿದರೆ ಅವನಿಗೆ ಎಂತದೂ ಕಾಣುವುದಿಲ್ಲ, ಸುಳ್ಳು ಹೇಳಿದ್ದಲ್ಲ.

ಈಗ ಬಾನೆಟ್ ಎತ್ತಿ. ಡ್ರೈವರ್ ಕಡೆ ಬಿಳಿ ಡಬ್ಬಿ ಕಾಣುತ್ತದೆ. ಹೊಸ ಆಯಿಲ್ ಜೇನುತುಪ್ಪದ ಬಣ್ಣ. ನಿಮ್ಮದು ಕಷಾಯದ ಬಣ್ಣ ಇರುತ್ತದೆ, ಪಂದ್ಯ ಕಟ್ಟುತ್ತೇನೆ. ಕೊನೆಗೆ ಯಾವಾಗ ಬದಲಾಯಿಸಿದ್ದು?

ತೋಟದಮನೆ (ಶಿರಸಿ)

ಪಂದ್ಯ ಗೆದ್ದಿರಿ ಅಣ್ಣ. ಕಷಾಯವೇ. ಸರ್ವಿಸ್ ಬಿಲ್ ಎಲ್ಲ ತೆಗೆದು ನೋಡಿದೆ. ಪ್ರತಿ ಸಲ "ಬ್ರೇಕ್ ಆಯಿಲ್ ಟಾಪ್ ಅಪ್" ಅಂತ ಇದೆ. ಬದಲಾಯಿಸಿದ್ದು ಒಂದು ಸಲವೂ ಇಲ್ಲ. ಒಂಬತ್ತು ವರ್ಷ!

ಪಾನಾ ಹಿಡಿದವ (ಕುಮಟಾ)

ಹೆಚ್ಚಿನ ಕಾರುಗಳಲ್ಲಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಗಾಡಿ ಓಡಲಿ ಬಿಡಲಿ. ಮ್ಯಾನುಯಲ್ ಪುಸ್ತಕದಲ್ಲಿ ಬರೆದಿರುತ್ತದೆ. ನಮ್ಮ ಊರಿನ ಮಳೆಗೆ ನಾನು ಅದಕ್ಕಿಂತ ತಡ ಮಾಡಲು ಬಿಡುವುದಿಲ್ಲ. ಬದಲಾಯಿಸುವುದು ಅಂದರೆ ಡಬ್ಬಿ ಖಾಲಿ ಮಾಡಿ ತುಂಬುವುದಲ್ಲ. ನಾಲ್ಕೂ ಚಕ್ರದ ನಿಪ್ಪಲ್ ಬಿಚ್ಚಿ, ಹಳೆಯದು ಹೋಗಿ ತಿಳಿ ಬಣ್ಣದ್ದು ಬರುವವರೆಗೆ ಬ್ಲೀಡ್ ಮಾಡಬೇಕು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಅಂತ ಇರುತ್ತದೆ, ಅದನ್ನೇ ಹಾಕಿಸಿ. ಸೀಲ್ ಒಡೆಯದ ಡಬ್ಬಿ ನಿಮ್ಮ ಎದುರೇ ಒಡೆಯಲಿ. ಹೋದ ವರ್ಷ ಅರ್ಧ ಉಳಿದ ಡಬ್ಬಿ ಬೇಡವೇ ಬೇಡ, ಅದೂ ನೀರು ಕುಡಿದಿರುತ್ತದೆ.

ಜೊತೆಗೆ ಇನ್ನೊಂದು ನೋಡಿಕೊಳ್ಳಿ. ಇಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿದುಕೊಳ್ಳಿ. ಪೆಡಲ್ ಮೆಲ್ಲಗೆ ಕೆಳಗೆ ಇಳಿಯುತ್ತ ಹೋದರೆ ಮಾಸ್ಟರ್ ಸಿಲಿಂಡರಿನ (ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಭಾಗ) ರಬ್ಬರ್ ಹೋಗಿದೆ ಅಂತ. ಅದು ಬೇರೆ ಕೆಲಸ. ಚಕ್ರ ಬಿಚ್ಚಿದಾಗ ಮುಂದಿನ ಪ್ಯಾಡ್ ನೋಡಲು ಹೇಳಿ. ಮೂರು ಮಿಲಿಮೀಟರ್ ಹತ್ತಿರ ಬಂದಿದ್ದರೆ ಹೊಸದು ಹಾಕಿ.

ಅಂಕೋಲೆಯವ (ಅಂಕೋಲಾ)

ಇಷ್ಟೆಲ್ಲ ಯಾಕೆ? ನಾನು ಇಪ್ಪತ್ತು ವರ್ಷದಿಂದ ಅರಬೈಲು ಘಟ್ಟ ನ್ಯೂಟ್ರಲ್‌ನಲ್ಲೇ ಇಳಿಯುತ್ತಿದ್ದೇನೆ. ಪೆಟ್ರೋಲೂ ಉಳಿತಾಯ. ಏನೂ ಆಗಿಲ್ಲ.

ಪಾನಾ ಹಿಡಿದವ (ಕುಮಟಾ)

ಇನ್ನೂ ಆಗಿಲ್ಲ ಅನ್ನಿ.

ನ್ಯೂಟ್ರಲ್‌ಗೆ ಹಾಕಿದರೆ ಅಷ್ಟೂ ಭಾರವನ್ನು ಬ್ರೇಕ್ ಒಂದೇ ಹಿಡಿಯಬೇಕು. ಗೇರಿನಲ್ಲಿದ್ದರೆ ಇಂಜಿನ್ನೇ ಅರ್ಧ ಕೆಲಸ ಮಾಡಿಕೊಡುತ್ತದೆ. ಉಳಿತಾಯದ ಲೆಕ್ಕ ಕಾರ್ಬುರೇಟರ್ ಕಾಲದ್ದು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಗೇರಿನಲ್ಲಿದ್ದು ಎಕ್ಸಲೇಟರಿನಿಂದ ಕಾಲು ತೆಗೆದರೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ತಾನಾಗಿ ತಿರುಗಬೇಕು, ಅದಕ್ಕೆ ಪೆಟ್ರೋಲ್ ಬೇಕು. ಅಂದರೆ ನೀವು ಇಪ್ಪತ್ತು ವರ್ಷ ದುಡ್ಡು ಕೊಟ್ಟು ಅಪಾಯ ಕೊಂಡುಕೊಂಡಿದ್ದೀರಿ. ಇಂಜಿನ್ ಬಂದ್ ಮಾಡಿ ಇಳಿಯುವವರು ಇನ್ನೂ ಒಂದು ಕೈ ಮೇಲೆ. ಪೆಡಲ್ ಒತ್ತಲು ಬಲ ಕೊಡುವ ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಖಾಲಿ, ಸ್ಟೇರಿಂಗೂ ಗಟ್ಟಿ.

ಹತ್ತೋಕೆ ಯಾವ ಗೇರು ಬೇಕೋ ಇಳಿಯೋಕೂ ಅದೇ ಗೇರು. ಇಳುಕಲು ಶುರುವಾಗುವ ಮೊದಲೇ ಹಾಕಿಕೊಳ್ಳಬೇಕು. ಬ್ರೇಕನ್ನು ಸದಾ ಮೆಲ್ಲಗೆ ಒತ್ತಿಕೊಂಡೇ ಇರಬಾರದು. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಬಿಟ್ಟಷ್ಟು ಹೊತ್ತು ತಣ್ಣಗಾಗುತ್ತದೆ.

ಅಂಕೋಲೆಯವ (ಅಂಕೋಲಾ)

ಆಯಿತು ಮಾರಾಯ್ರೆ, ಕೈಮುಗಿದೆ. ಮುಂದಿನ ಸಲ ಎರಡನೇ ಗೇರಿನಲ್ಲಿ ಇಳಿದು ನೋಡುತ್ತೇನೆ. ಹಿಂದಿನಿಂದ ಲಾರಿಯವರು ಹಾರ್ನ್ ಹೊಡೆದರೆ ನಿಮ್ಮ ಹೆಸರು ಹೇಳುತ್ತೇನೆ.

ಕಾಳಿ ದಡ (ಕಾರವಾರ)

ಬ್ಯಾಟರಿ ವಿಷಯಕ್ಕೆ ಬರೋಣ. ಟರ್ಮಿನಲ್ ನೋಡಿದಿರಾ? ನಿಮ್ಮ ಗಾಡಿ ಘಟ್ಟದ ಮೇಲಿದ್ದರೂ ವಾರ ಬಿಟ್ಟು ವಾರ ಸಮುದ್ರಕ್ಕೆ ಬರುತ್ತದಲ್ಲ. ನಮ್ಮಲ್ಲಿ ಕಡಲ ಗಾಳಿಗೆ ಟರ್ಮಿನಲ್ ಮೇಲೆ ಹಸಿರು ಬಿಳಿ ಹಿಟ್ಟು ಕಟ್ಟುವುದು ಅಂದರೆ ಕೆಲವೇ ತಿಂಗಳ ಮಾತು. ಬ್ಯಾಟರಿ ತುಂಬಿದ್ದರೂ ಆ ಹಿಟ್ಟು ಕರೆಂಟ್ ದಾಟಲು ಬಿಡುವುದಿಲ್ಲ. ಮೈನಸ್ ವಯರ್ ಮೊದಲು ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಅಡಿಗೆ ಸೋಡ ಹಾಕಿ ಹಳೆ ಟೂತ್‌ಬ್ರಶ್‌ನಲ್ಲಿ ತಿಕ್ಕಿ, ಒರೆಸಿ, ಹಾಕುವಾಗ ಪ್ಲಸ್ ಮೊದಲು. ಮೇಲೆ ವ್ಯಾಸಲೀನ್ ಸವರಿ. ಬ್ಯಾಟರಿಯಿಂದ ಗಾಡಿಯ ಬಾಡಿಯವರೆಗೆ ಹೋಗುವ ಅರ್ಥಿಂಗ್ ಪಟ್ಟಿಯ ಬೋಲ್ಟ್ ಕೂಡ ಬಿಚ್ಚಿ ನೋಡಿ. ಎಲ್ಲರೂ ಮರೆಯುವ ಜಾಗ ಅದು.

ತುಕ್ಕಿನ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ನನ್ನ ಹಳೆ ನೋವು. ಬೀಚಿಗೆ ಹೋಗಿ ಬಂದವರು ಕಾರಿನ ಮೇಲ್ಭಾಗ ಹೊಳೆಯುವ ಹಾಗೆ ತೊಳೆಯುತ್ತಾರೆ. ಉಪ್ಪು ಕೂತಿರುವುದು ಅಡಿಯಲ್ಲಿ. ಬಾವಿ ನೀರಿನ ಪೈಪು ಹಿಡಿದು ಚಕ್ರದ ಕಮಾನಿನ ಒಳಗೆ, ಸೈಲೆನ್ಸರ್ ಮೇಲೆ, ಬಾಗಿಲಿನ ಕೆಳಗಂಚಿಗೆ ಹತ್ತು ನಿಮಿಷ ಬಿಡಿ. ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿವೆ, ನೀರು ಇಳಿದುಹೋಗಲು. ಅದಕ್ಕೆ ಮಣ್ಣು ಕಟ್ಟಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ. ನನ್ನ ಹಿಂದಿನ ಗಾಡಿ ಹಾಗೇ ಹೋಯಿತು. ಹೊರಗೆ ಫಳಫಳ, ಬೆರಳಿನಿಂದ ಒತ್ತಿದರೆ ಹಪ್ಪಳ. ತುಕ್ಕು ಹಿಡಿದ ಮೇಲೆ ಕರಿ ಕೋಟಿಂಗ್ ಹೊಡೆಸಬೇಡಿ, ತುಕ್ಕಿಗೆ ಹೊದಿಕೆ ಹೊದೆಸಿ ಮಲಗಿಸಿದ ಹಾಗೆ ಅದು. ಮೊದಲು ಕೆರೆದು ತೆಗೆಯಬೇಕು.

ಹಾಂ, ಬೀಚಿನ ಮರಳಿಗೆ ಕಾರು ಇಳಿಸುವವರಿಗೆ ನಾನು ಏನೂ ಹೇಳುವುದಿಲ್ಲ. ಅವರನ್ನು ಎಳೆಯಲು ಹಗ್ಗ ಹಿಡಿದು ಹೋಗಿ ಹೋಗಿ ನನಗೆ ಸಾಕಾಗಿದೆ.

ತೋಟದಮನೆ (ಶಿರಸಿ)

ಟರ್ಮಿನಲ್ ಸ್ವಚ್ಛ ಇದೆ, ಹೊಸ ಬ್ಯಾಟರಿ ಅಲ್ವಾ. ಅರ್ಥಿಂಗ್ ಬೋಲ್ಟಿಗೆ ಸ್ವಲ್ಪ ತುಕ್ಕು ಇತ್ತು, ಕೆರೆದು ಹಾಕಿದೆ. ಆದರೆ ಅದರಿಂದ ಬ್ಯಾಟರಿ ಖಾಲಿ ಆಗೋದಾ?

ಶರಾವತಿ ಕೊಳ್ಳ (ಹೊನ್ನಾವರ)

ಆಗುವುದಿಲ್ಲ. ಖಾಲಿ ಆಗುತ್ತಿದೆ ಅಂದರೆ ಯಾರೋ ಕುಡಿಯುತ್ತಿದ್ದಾರೆ. ನಾನು ವೈರಿಂಗ್ ಕೆಲಸದವನು, ಒಂದು ಮಲ್ಟಿಮೀಟರ್ ಇಸಕೊಳ್ಳಿ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಬಾನೆಟ್ ಎತ್ತಿ ನೋಡಿ. 12.6 ವೋಲ್ಟ್ ಇದ್ದರೆ ಭರ್ತಿ, 12.2 ಅಂದರೆ ಅರ್ಧ, 12ರ ಕೆಳಗೆ ಅಂದರೆ ಹೆಚ್ಚುಕಡಿಮೆ ಬರಿದು. ಆಮೇಲೆ ಸ್ಟಾರ್ಟ್ ಮಾಡಿ ನೋಡಿ. 13.8ರಿಂದ 14.5ರ ಒಳಗೆ ಇದ್ದರೆ ಡೈನಮೋ ಸರಿಯಾಗಿ ಚಾರ್ಜ್ ಮಾಡುತ್ತಿದೆ.

ತೋಟದಮನೆ (ಶಿರಸಿ)

ಪಕ್ಕದ ಮನೆಯ ಪಂಪ್‌ಸೆಟ್ ರಿಪೇರಿ ಮಾಡುವ ಭಾವನಿಂದ ಮೀಟರ್ ತಂದೆ. ಬೆಳಿಗ್ಗೆ 12.55. ಸ್ಟಾರ್ಟ್ ಮಾಡಿದ ಮೇಲೆ 14.2. ಮಾರನೇ ದಿನ ಬೆಳಿಗ್ಗೆ 12.53. ಎಲ್ಲ ಸರಿ ಇದೆ ಅಂತಲೇ ಆಯಿತಲ್ಲ? ಮತ್ತೆ ಎರಡು ಸಲ ಯಾಕೆ ಸತ್ತಿತು?

ಅಪ್ಪ ಅಂತೂ ದಿನಾ ಬೆಳಿಗ್ಗೆ ಪೂಜೆಗೆ ಹೂ ಕೊಯ್ಯಲು ಹೋಗುವಾಗ ಎರಡು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುತ್ತಾರೆ, "ಬ್ಯಾಟರಿಗೆ ಒಳ್ಳೇದು" ಅಂತ.

ಶರಾವತಿ ಕೊಳ್ಳ (ಹೊನ್ನಾವರ)

ಅಪ್ಪನಿಗೆ ನಮಸ್ಕಾರ ಹೇಳಿ, ಆದರೆ ಅದು ನಿಲ್ಲಿಸಲು ಹೇಳಿ. ಸೆಲ್ಫ್ ಹೊಡೆಯಲು ಹೋದ ಕರೆಂಟ್ ಎರಡು ನಿಮಿಷ ಐಡ್ಲಿಂಗಿನಲ್ಲಿ ಪೂರ್ತಿ ವಾಪಸ್ ಬರುವುದು ಅನುಮಾನ. ಇಂಜಿನ್ ಬಿಸಿಯೂ ಆಗುವುದಿಲ್ಲ, ಸೈಲೆನ್ಸರಿನಲ್ಲಿ ನೀರು ಉಳಿದು ತುಕ್ಕು ಬೇರೆ. ವಾರದ ಮಧ್ಯೆ ಒಂದು ದಿನ ಇಪ್ಪತ್ತು ಕಿಲೋಮೀಟರ್ ಓಡಿಸಿದರೆ ಅದೇ ಔಷಧ. ನಿಂತ ಗಾಡಿ ಓಡುವ ಗಾಡಿಗಿಂತ ಬೇಗ ಹಾಳಾಗುತ್ತದೆ, ಇದು ನಾನು ದಿನಾ ನೋಡುವುದು.

ಸತ್ತ ಆ ಎರಡು ವಾರ ಏನಾದರೂ ಬೇರೆ ಮಾಡಿದ್ದಿರಾ? ನೆನಪು ಮಾಡಿ. ಮತ್ತೆ ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮೊಬೈಲಿನಲ್ಲಿ ವಿಡಿಯೋ ಆನ್ ಮಾಡಿ ಡಿಕ್ಕಿಯೊಳಗೆ ಮಲಗಿಸಿ, ಡಿಕ್ಕಿ ಮುಚ್ಚಿ, ಒಂದು ನಿಮಿಷ ಬಿಟ್ಟು ತೆಗೆದು ನೋಡಿ. ಡ್ಯಾಶ್‌ಬೋರ್ಡಿನ ಸಣ್ಣ ಪೆಟ್ಟಿಗೆಯಲ್ಲಿ ಲೈಟ್ ಇದ್ದರೆ ಅಲ್ಲೂ ಹಾಗೇ.

ಗುಡ್ಡದ ದಾರಿ (ಯಲ್ಲಾಪುರ)

ಅಲ್ಲಿಯವರೆಗೆ ನಾನು ನನ್ನ ಕಥೆ ಹೇಳುತ್ತೇನೆ. ನಾನು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಒಬ್ಬಳೇ ಗಾಡಿ ಓಡಿಸುವವಳು. ಹೋದ ವರ್ಷ ಮಾಗೋಡು ಜಲಪಾತದಿಂದ ವಾಪಸ್ ಬರುವಾಗ ಎಡಗಡೆ ಹಿಂದಿನ ಚಕ್ರ ಪಂಚರ್. ಸ್ಟೆಪ್ನಿ ಇದೆ, ಜಾಕ್ ಇದೆ, ಪಾನಾ ಇದೆ, ಬದಲಾಯಿಸುವುದೂ ಗೊತ್ತು. ನಟ್ ಅಲ್ಲಾಡಲಿಲ್ಲ! ಟೈರ್ ಅಂಗಡಿಯಲ್ಲಿ ಗಾಳಿಯ ಗನ್ನಿನಲ್ಲಿ ಬಿಗಿದಿದ್ದರು. ಕೈಯಲ್ಲಿ ಆಗದೆ ಕೊನೆಗೆ ಪಾನಾದ ಮೇಲೆ ಹತ್ತಿ ನಿಂತು ಕುಣಿದೆ. ನಾಲ್ಕು ನಟ್ ಬಿಚ್ಚಲು ಮುಕ್ಕಾಲು ಗಂಟೆ. ಜಾಕ್ ಹಾಕಿದರೆ ಗಾಡಿ ಮೇಲೇಳುವ ಬದಲು ಜಾಕೇ ಕೆಂಪು ಮಣ್ಣಿನೊಳಗೆ ಇಳಿಯುತ್ತಿದೆ. ಚಪ್ಪಟೆ ಕಲ್ಲು ಹುಡುಕಿ ತಂದು ಕೆಳಗಿಟ್ಟು ಹೇಗೋ ಎತ್ತಿ ಸ್ಟೆಪ್ನಿ ಹಾಕಿದರೆ ಅದರಲ್ಲಿ ಗಾಳಿಯೇ ಇಲ್ಲ. ಮೊಬೈಲಿನಲ್ಲಿ ಒಂದು ಕಡ್ಡಿ ನೆಟ್‌ವರ್ಕ್ ಇಲ್ಲ. ಮಕ್ಕಳ ಕಾಲಿಗೆ ಉಂಬಳ ಹತ್ತಿ ಅವರ ಅಳು ಬೇರೆ. ಬೈಕಿನಲ್ಲಿ ಬಂದ ಇಬ್ಬರು ಚಕ್ರ ಹೊತ್ತುಕೊಂಡು ಹೋಗಿ ಗಾಳಿ ತುಂಬಿಸಿ ತಂದುಕೊಟ್ಟರು.

ಈಗ ಏನು ಮಾಡುತ್ತೇನೆ ಅಂದರೆ, ಟೈರ್ ಕೆಲಸ ಮಾಡಿಸಿದ ದಿನ ಮನೆಗೆ ಬಂದು ನಟ್‌ಗಳನ್ನು ನನ್ನ ಪಾನಾದಲ್ಲಿ ಒಂದು ಸಲ ಸಡಿಲಿಸಿ ನಾನೇ ಬಿಗಿಯುತ್ತೇನೆ. ಡಿಕ್ಕಿಯಲ್ಲಿ ಒಂದು ಅಡಿ ಉದ್ದದ ಹಲಸಿನ ಹಲಗೆ ತುಂಡು ಸದಾ ಇರುತ್ತದೆ, ಜಾಕಿನ ಕೆಳಗೆ ಇಡಲು. ಬಂಕಿನಲ್ಲಿ ಗಾಳಿ ಹಿಡಿಸುವಾಗ ಐದನೇ ಚಕ್ರವನ್ನೂ ನೋಡಿಸುತ್ತೇನೆ, ಹುಡುಗ ಮುಖ ಸಿಂಡರಿಸಿದರೂ ಸರಿ. ಎಷ್ಟು ಗಾಳಿ ಅಂತ ಅವನನ್ನು ಕೇಳಬೇಡಿ, ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿದ್ದಾರೆ. ಗಾಡಿ ಬಿಸಿಯಾಗುವ ಮೊದಲು ನೋಡಿಸಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2316 ಅಂದರೆ 2016ರ 23ನೇ ವಾರ ತಯಾರಾದದ್ದು. ತೋಟದಮನೆಯವರೇ, ನಿಮ್ಮ ಟೈರ್ ಗಾಡಿ ಜೊತೆಗೆ ಬಂದದ್ದೇ ಇದ್ದರೆ ಹೂವು (ಟೈರಿನ ಮೇಲಿನ ಗೀರು) ಚೆನ್ನಾಗಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಹೂವಿನ ಆಳಕ್ಕೆ ಕಾನೂನಿನ ಮಿತಿ 1.6 ಮಿಲಿಮೀಟರ್, ನಮ್ಮ ಮಳೆಗೆ ಅದು ಸಾಲದು ಅಂತ ನನ್ನ ಅಭಿಪ್ರಾಯ.

ಇನ್ನೊಂದು, ಇಲಿ. ಮರದ ಕೆಳಗೆ ನಿಲ್ಲಿಸಿ ವಾರ ಬಿಟ್ಟರೆ ಬಾನೆಟ್ ಒಳಗೆ ಸಂಸಾರ ಹೂಡುತ್ತವೆ. ಹೊಗೆಸೊಪ್ಪು, ನುಸಿಗುಳಿಗೆ ಎಲ್ಲ ಇಟ್ಟು ನೋಡಿದ್ದೇನೆ, ನಮ್ಮನೆ ಇಲಿಗಳು ಕ್ಯಾರೇ ಅನ್ನಲಿಲ್ಲ. ಎರಡು ದಿನಕ್ಕೊಮ್ಮೆ ಬಾನೆಟ್ ಎತ್ತಿ ನೋಡುವುದು, ವಾರದ ಮಧ್ಯೆ ಗಾಡಿ ಓಡಿಸುವುದು, ಅಷ್ಟೇ ಕೆಲಸ ಮಾಡಿದ್ದು. ಗಾಜಿನ ಕೆಳಗೆ ವೈಪರ್ ಇರುವ ಸಂದಿಯಲ್ಲಿ ತರಗೆಲೆ ತುಂಬಿದ್ದರೆ ತೆಗೆಯಿರಿ. ನೀರು ಹೋಗುವ ದಾರಿ ಕಟ್ಟಿದರೆ ಕಾರೊಳಗೆ ಬಂದು ಕಾರ್ಪೆಟ್ ಅಡಿ ನಿಲ್ಲುತ್ತದೆ, ಆಮೇಲೆ ಬೂಷ್ಟು.

ತೋಟದಮನೆ (ಶಿರಸಿ)

ಸಿಕ್ಕಿತು!! ಕುಡಿಯುವವನು ಸಿಕ್ಕಿದ!

ಮೊದಲ ದಿನ ವಿಡಿಯೋದಲ್ಲಿ ಬರೀ ಕತ್ತಲೆ. ಡಿಕ್ಕಿ ಲೈಟ್ ಸರಿಯಾಗೇ ಆರುತ್ತಿತ್ತು. ಆಮೇಲೆ ನೀವು ಕೇಳಿದ ಪ್ರಶ್ನೆ, ಆ ಎರಡು ವಾರ ಏನು ಬೇರೆ ಮಾಡಿದೆ ಅಂತ. ವಾರವಿಡೀ ಗಾಡಿ ನಿಂತಿರುತ್ತದೆ ಅಂತ ಬರೆದಿದ್ದೆನಲ್ಲ, ಅದು ಪೂರ್ತಿ ನಿಜ ಅಲ್ಲ. ಆ ಎರಡೂ ವಾರ ಅಡಿಕೆ ಚೀಲ ಹಿಂದೆ ಹಾಕಿಕೊಂಡು ಸೊಸೈಟಿಗೆ ಒಯ್ದಿದ್ದೆ. ಸಣ್ಣ ಕಾರಿನಲ್ಲಿ ಚೀಲ ಹೊರುವುದನ್ನು ಇಲ್ಲಿ ಹೇಳಲು ನಾಚಿಕೆಯಾಗಿತ್ತು.

ಹಾಗಾಗಿ ಮತ್ತೊಮ್ಮೆ ಖಾಲಿ ಗೋಣಿ ಹಾಕಿ, ತೆಗೆದು, ಮುಚ್ಚಿ ನೋಡಿದೆ. ನಾಲ್ಕನೇ ಸಲಕ್ಕೆ ವಿಡಿಯೋದಲ್ಲಿ ಬೆಳಕು! ಡಿಕ್ಕಿ ಮುಚ್ಚಿದ ಹಾಗೇ ಕಾಣುತ್ತದೆ, ಎಳೆದರೂ ಬರುವುದಿಲ್ಲ, ಆದರೆ ಲಾಕ್ ಪೂರ್ತಿ ಕೂತಿಲ್ಲ. ಟಾರ್ಚ್ ಹಾಕಿ ನೋಡಿದರೆ ಲಾಕಿನ ಬಾಯೊಳಗೆ ಗೋಣಿನಾರು ಮುದ್ದೆಯಾಗಿ ಗ್ರೀಸಿಗೆ ಅಂಟಿಕೊಂಡಿದೆ, ಮೇಲೊಂದು ಅಡಿಕೆ ಸಿಪ್ಪೆಯ ಚೂರು. ಮಗಳ ಕ್ಲಿಪ್‌ನಲ್ಲಿ ಕೆದಕಿ ತೆಗೆದೆ.

ಶರಾವತಿ ಕೊಳ್ಳ (ಹೊನ್ನಾವರ)

ಲೆಕ್ಕ ಹಾಕಿ ನೋಡಿ. 5 ವಾಟ್ ಬಲ್ಬ್ ಅಂದರೆ 0.4 ಆಂಪಿಯರ್. ಒಂದು ದಿನಕ್ಕೆ ಹತ್ತು ಆಂಪಿಯರ್ ಗಂಟೆ. ನಿಮ್ಮ ಬ್ಯಾಟರಿ 35ರದ್ದು ಇರಬಹುದು. ಗುರುವಾರ ಚೀಲ ಇಳಿಸಿ ಬಂದರೆ ಭಾನುವಾರ ಬೆಳಿಗ್ಗೆಗೆ ಟಕ್ ಟಕ್. ಸರಿಯಾಗಿ ಕೂಡಿತು! ಬ್ಯಾಟರಿ ಪೂರ್ತಿ ಬರಿದಾದಷ್ಟು ಸಲವೂ ಅದರ ಆಯುಷ್ಯ ಕಡಿಮೆಯಾಗುತ್ತದೆ. ಒಂದು ರಾತ್ರಿ ಅಂಗಡಿಯಲ್ಲಿ ನಿಧಾನ ಚಾರ್ಜಿಗೆ ಇಡಿಸಿ. ಡಿಕ್ಕಿಗೆ ಎಲ್‌ಇಡಿ ಬಲ್ಬ್ ಹಾಕಿ, ಮರೆತರೂ ಅಷ್ಟು ಬೇಗ ಸಾಯುವುದಿಲ್ಲ.

ಜಂಪರ್ ವಯರ್ ಒಂದು ಜೊತೆ ಇಟ್ಟುಕೊಳ್ಳಿ. ಕೆಂಪು ಸತ್ತ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಒಳ್ಳೆ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಇಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ. ಸತ್ತ ಬ್ಯಾಟರಿಯ ಮೈನಸ್‌ಗೆ ಸಿಕ್ಕಿಸಬೇಡಿ, ಅಲ್ಲಿ ಕಿಡಿ ಹಾರಬಾರದು.

ಸಿದ್ದಾಪುರದ ಭಾವ (ಸಿದ್ದಾಪುರ)

ತಡವಾಗಿ ಬಂದೆ. ನನ್ನ ಪ್ರಕಾರ ನಿಮ್ಮ ಹೆಂಡತಿ ಹೇಳಿದ್ದೇ ಸರಿ. ತಿಂಗಳಿಗೆ ನಾಲ್ಕು ದಿನ ಓಡಿಸುವುದಕ್ಕೆ ಇನ್ಶೂರೆನ್ಸ್, ಸರ್ವಿಸ್, ಟೈರ್, ಬ್ಯಾಟರಿ! ಬಾಡಿಗೆ ಕಾರಿನಲ್ಲಿ ಹಿಂದೆ ಕೂತು ನಿದ್ದೆ ಮಾಡಿಕೊಂಡು ಹೋಗಬಹುದು. ಮೇಲಾಗಿ ಈಗಿನ ಎಥನಾಲ್ ಪೆಟ್ರೋಲಿಗೆ ಹಳೆ ಇಂಜಿನ್ ತಡೆಯುವುದಿಲ್ಲ ಅಂತಾರೆ.

ಪಾನಾ ಹಿಡಿದವ (ಕುಮಟಾ)

ಎಥನಾಲ್ ಬಗ್ಗೆ ಅರ್ಧ ಸತ್ಯ. 2023ರ ಏಪ್ರಿಲ್ ನಂತರದ ಗಾಡಿಗಳ ಭಾಗಗಳನ್ನು ಶೇಕಡಾ 20 ಎಥನಾಲ್ ತಡೆಯುವ ಹಾಗೆ ಮಾಡಿದ್ದಾರೆ. ಅದಕ್ಕಿಂತ ಹಳೆಯದರಲ್ಲಿ ರಬ್ಬರ್ ಪೈಪು, ಸೀಲು ನೋಡಿಕೊಳ್ಳಬೇಕು. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಂದರೆ ಅವತ್ತೇ ತೋರಿಸಿ. ಮೈಲೇಜ್ ಸ್ವಲ್ಪ ಕಡಿಮೆಯಾಗುತ್ತದೆ, ಅದು ಹೌದು. ಎಥನಾಲ್ ಕೂಡ ನೀರು ಹೀರುತ್ತದೆ, ಹಾಗಾಗಿ ಟ್ಯಾಂಕಿನ ತಳದಲ್ಲಿ ಎರಡು ಲೀಟರ್ ಇಟ್ಟು ತಿಂಗಳುಗಟ್ಟಲೆ ನಿಲ್ಲಿಸಬೇಡಿ.

ಅಂಕೋಲೆಯವ (ಅಂಕೋಲಾ)

ನಾನೂ ಸದಾ ಅರ್ಧ ಟ್ಯಾಂಕ್ ಪೆಟ್ರೋಲ್ ಇಡುತ್ತೇನೆ, ಆದರೆ ನನ್ನ ಕಾರಣ ಬೇರೆ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಹೆದ್ದಾರಿ 66 ಎಷ್ಟೋ ದಿನ ಬಂದ್ ಇತ್ತಲ್ಲ. ಅದಾಗಿ ಮೂರು ವಾರಕ್ಕೆ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ಬಿತ್ತು. ಆ ವರ್ಷ ಹತ್ತಿರದ ಊರಿಗೆ ಹೋಗಲೂ ಸುತ್ತುಬಳಸಿ ಘಟ್ಟ ಹತ್ತಿ ಇಳಿದಿದ್ದೇವೆ. ಮಳೆಗಾಲದಲ್ಲಿ ಗಾಡಿ ಸರಿ ಇದೆಯಾ ಅನ್ನುವ ಮೊದಲು ದಾರಿ ಇದೆಯಾ ಅಂತ ಫೋನ್ ಮಾಡಿ ಕೇಳುತ್ತೇನೆ. ಇನ್ಶೂರೆನ್ಸ್‌ನವರ ಟೋಯಿಂಗ್ ನಂಬರ್ ಕಾಗದದಲ್ಲಿ ಬರೆದು ಸನ್‌ವೈಸರಿಗೆ ಸಿಕ್ಕಿಸಿದ್ದೇನೆ. ಮೊಬೈಲ್ ಚಾರ್ಜ್ ಸತ್ತರೆ ಯಾರದೋ ಫೋನಿನಿಂದ ಮಾಡಬಹುದು.

ಗುಡ್ಡದ ದಾರಿ (ಯಲ್ಲಾಪುರ)

ಸಿದ್ದಾಪುರದ ಭಾವ, ಬಾಡಿಗೆ ಕಾರು ಸರಿಯೇ. ಆದರೆ ದಾರಿಯಲ್ಲಿ ಬುಗುರಿ ಹಣ್ಣು ಕಂಡಿತು ಅಂತ ನಿಲ್ಲಿಸಲು ಅವರು ಒಪ್ಪುತ್ತಾರಾ? ನಮ್ಮ ಮಕ್ಕಳಿಗೆ ಅರ್ಧ ಪ್ರವಾಸ ಅದೇ.

ತೋಟದಮನೆಯವರೇ, ಒಂದೇ ಮಾತು. ಎಲ್ಲ ನೋಡುವ ಕೆಲಸ ಗುರುವಾರ ಸಂಜೆ ಮಾಡಿ. ಭಾನುವಾರ ಬೆಳಿಗ್ಗೆ ಏನು ಕಂಡರೂ ಗ್ಯಾರೇಜ್ ಬಾಗಿಲು ಹಾಕಿರುತ್ತದೆ. ಗುರುವಾರ ಕಂಡರೆ ಶುಕ್ರವಾರ, ಶನಿವಾರ ಎರಡು ದಿನ ಸಿಗುತ್ತದೆ.

ಪಾನಾ ಹಿಡಿದವ (ಕುಮಟಾ)

ಇದು ಬಂಗಾರದಂಥ ಮಾತು ಅಕ್ಕ. ಶನಿವಾರ ಸಂಜೆ ಆರಕ್ಕೆ ಬಂದು "ನಾಳೆ ಬೆಳಿಗ್ಗೆ ಧರ್ಮಸ್ಥಳಕ್ಕೆ ಹೊರಡಬೇಕು, ಒಂದು ಸಲ ನೋಡಿಬಿಡಿ" ಅನ್ನುವವರಿಗೆ ನಾನು ಏನು ನೋಡಲಿ, ಮುಖ ನೋಡಬೇಕು ಅಷ್ಟೆ.

ಗುರುವಾರ ಇಂಜಿನ್ ತಣ್ಣಗಿದ್ದಾಗ ಕೂಲೆಂಟ್ ಗೆರೆ ನೋಡಿ. ಕಡಿಮೆಯಿದ್ದರೆ ಬಾವಿ ನೀರು ಸುರಿಯಬೇಡಿ, ಮ್ಯಾನುಯಲ್ ಪುಸ್ತಕದಲ್ಲಿ ಹೇಳಿದ ಕೂಲೆಂಟ್ ಹಾಕಿ, ಪದೇ ಪದೇ ಕಡಿಮೆಯಾದರೆ ಎಲ್ಲಿ ಸೋರುತ್ತಿದೆ ನೋಡಿಸಿ. ಬಿಸಿಯಿದ್ದಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕೈ ಸುಟ್ಟುಕೊಂಡವರನ್ನು ನೋಡಿದ್ದೇನೆ. ಮಳೆಗಾಲದಲ್ಲಿ ತೊಳೆದ ಗಾಡಿಯನ್ನು ಹ್ಯಾಂಡ್ ಬ್ರೇಕ್ ಎಳೆದು ವಾರ ನಿಲ್ಲಿಸಬೇಡಿ, ಹಿಂದಿನ ಡ್ರಮ್ ಕಚ್ಚಿಕೊಳ್ಳುತ್ತದೆ. ಸಮತಟ್ಟು ಜಾಗವಾದರೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ತೋಟದಮನೆ (ಶಿರಸಿ)

ಹೋಗಿ ಬಂದೆವು!

ಬೇರೆ ಗ್ಯಾರೇಜಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದೆ, ಎದುರೇ ನಿಂತಿದ್ದೆ. ಮೊದಲು ಬಂದದ್ದು ಕಷಾಯ, ಆಮೇಲೆ ಚಾ, ಆಮೇಲೆ ಜೇನು. ಮುಂದಿನ ಪ್ಯಾಡೂ ಹೊಸದು. ಹಿಂದಿನ ಎರಡು ಟೈರ್ 2016ರದ್ದೇ ಇತ್ತು, ತೆಗೆಸಿದೆ. ಜೇಬಿಗೆ ಕತ್ತರಿ ಬಿತ್ತು, ಇರಲಿ. ಹಲಸಿನ ಹಲಗೆ ತುಂಡು ಅಪ್ಪನೇ ಕೊಯ್ದು, ಮೂಲೆ ಉಜ್ಜಿ, ನುಣ್ಣಗೆ ಮಾಡಿ ಕೊಟ್ಟರು. ಎರಡು ನಿಮಿಷ ಸ್ಟಾರ್ಟ್ ಮಾಡುವುದು ಬಿಟ್ಟಿಲ್ಲ, ಆದರೆ ಈಗ ಬುಧವಾರ ಅಮ್ಮನನ್ನು ಕೂರಿಸಿಕೊಂಡು ಸೋಂದೆಯವರೆಗೆ ಹೋಗಿ ಬರುತ್ತಾರೆ. ಗಾಡಿಗೆ ಒಳ್ಳೇದು ಅಂತ ನೆಪ.

ಭಾನುವಾರ ದೇವಿಮನೆ ಇಳಿದು ಇಡಗುಂಜಿಗೆ ಹೋದೆವು. ಮೇಲಿನಿಂದಲೇ ಎರಡನೇ ಗೇರು. ಇಂಜಿನ್ ಕೂಗಿದ್ದು ಕೇಳಿ ಅಪ್ಪ ಮೂರು ಸಲ "ಗೇರ್ ಹಾಕೋ" ಅಂದರು. ಕತಗಾಲದಲ್ಲಿ ನಿಲ್ಲಿಸಿ ಪೆಡಲ್ ಒತ್ತಿ ನೋಡಿದೆ, ಕಲ್ಲಿನ ಹಾಗೆ ಗಟ್ಟಿ. ನಮ್ಮನೆಯವಳು ಏನೂ ಹೇಳಲಿಲ್ಲ, ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ಸಂಜೆ ವಾಪಸ್ ಬರುವಾಗ ಘಟ್ಟದಲ್ಲಿ ಚಿತ್ರಾನ್ನ ತಿನ್ನಲು ಇಳಿದಿದ್ದೆವು. ಒಂದು ಮಂಗ ಬಂದು ಎಡಗಡೆ ವೈಪರಿನ ರಬ್ಬರ್ ಕಿತ್ತುಕೊಂಡು ಮರ ಹತ್ತಿತು. ಅದಕ್ಕೆ ಏನಾದರೂ ಉಪಾಯ ಇದ್ದರೆ ಹೇಳಿ.

ಕಾಳಿ ದಡ (ಕಾರವಾರ)

ಚಿತ್ರಾನ್ನ ಕಾರೊಳಗೆ ತಿನ್ನಿ.